ಗೋಡೆಯಿಲ್ಲದ ಬಾಗಿಲು

ಟಕ್.

ಊರೆಲ್ಲ ಮಲಗಿದ ಹೊತ್ತಿನಲ್ಲಿ ಕೇಳಿದ ಆ ಸಣ್ಣ ಸದ್ದೇ ನನ್ನ ಹುಟ್ಟು. ಬಡಿಗ ಮೌನೇಶಪ್ಪ ನನ್ನ ಕಬ್ಬಿಣದ ಅಗಳಿಯನ್ನು ಸರಿಸಿ, ಕಿವಿಗೊಟ್ಟು ಕೇಳಿ, "ಆತು, ನಿನಗ ಮಾತು ಬಂತು" ಎಂದು ದೀಪ ಆರಿಸಿದ.

ನಾನು ಒಂದು ಬಾಗಿಲು. ಆದರೆ ನನಗೆ ಮನೆಯಿಲ್ಲ, ಗೋಡೆಯೂ ಇಲ್ಲ. ಎದೆಯೆತ್ತರದ ಚೌಕಟ್ಟಿನಲ್ಲಿ ಕೂರಿಸಿ ನನ್ನನ್ನು ಬಾನುಲಿ ನಿಲಯದ ನಾಟಕದ ಸ್ಟುಡಿಯೋಗೆ ತಂದರು. ಅಲ್ಲಿ ಬೇಕಾದದ್ದು ನನ್ನ ಸದ್ದು ಮಾತ್ರ. ಅದರಲ್ಲೇ ನಾನು ಅರಮನೆಯಾದೆ, ಸೆರೆಮನೆಯಾದೆ, ಒಮ್ಮೆ ಹಡಗಿನ ಕೋಣೆಯೂ ಆದೆ. ನಾಟಕ ಮುಗಿದ ಮೇಲೆ ಹಿಂದೆಯೂ ಮುಂದೆಯೂ ಅದೇ ಜಮಖಾನ.

ಸದ್ದುಗಳನ್ನು ನೋಡಿಕೊಳ್ಳುತ್ತಿದ್ದವರು ಗುರುಸಿದ್ಧಪ್ಪ. ಕಲಾವಿದರು ಮೈಕಿನ ಮುಂದೆ ಕಾಗದ ಹಿಡಿದು ನಿಲ್ಲಬೇಕು, ಬಾಗಿಲನ್ನು ಮುಟ್ಟುವುದು ಗುರುಸಿದ್ಧಪ್ಪ ಮಾತ್ರ. ಅದು ಅಲ್ಲಿಯ ಪದ್ಧತಿ. ಅಗಳಿಯನ್ನು ಅವರು ಎಂದೂ ಅರ್ಧಕ್ಕಿಂತ ಮುಂದೆ ದೂಡಿದವರಲ್ಲ. ಒಳಗೆ ಕಾಯಬೇಕಾದದ್ದೇನೂ ಇಲ್ಲದ ಬಾಗಿಲಿಗೆ ಅಷ್ಟು ಸದ್ದು ಸಾಕಿತ್ತು.

ಹೀಗಿರುವಾಗ ಇಂದುಮತಿ ಬಂದರು. ವಾರಕ್ಕೊಂದು ಕಂತಿನ ನಾಟಕದಲ್ಲಿ ಅವರಿಗೆ ಕಾಶೀಬಾಯಿಯ ಪಾತ್ರ. ಗಂಡನ ಮನೆ ಬಿಟ್ಟು, ಪರ ಊರಿನಲ್ಲಿ ಬಾಡಿಗೆಯ ಕೋಣೆ ಹಿಡಿದು ಒಬ್ಬಳೇ ಇರುವವಳು ಕಾಶೀಬಾಯಿ. ಇಂದುಮತಿಗೆ ಸಿಕ್ಕ ಮೊದಲ ದೊಡ್ಡ ಪಾತ್ರವದು. ನಾಟಕ ನಡೆಸುವ ವನಮಾಲಾಬಾಯಿ ತಾಲೀಮು ಕೇಳಿ ಕನ್ನಡಕ ತೆಗೆದಿಟ್ಟರು.

"ಉಚ್ಚಾರ ಛಲೋ ಅದ. ಆದ್ರ ಕಾಶೀಬಾಯಿ ಎಲ್ಲಿದ್ದಾಳ? ನೀವು ಸಾಲ್ಯಾಗ ಪಾಠ ಓದಿದಂಗ ಓದ್ತೀರಿ. ಇವತ್ತೂ ಹಿಂಗ ಆದ್ರ ಮುಂದಿನ ವಾರ ಬ್ಯಾರೆಯವರನ್ನ ಕರೀತೀನಿ."

ಗುರುಸಿದ್ಧಪ್ಪನವರನ್ನು ಬಿಟ್ಟು ಎಲ್ಲರೂ ಚಹಾಕ್ಕೆ ಹೋದಾಗ ಇಂದುಮತಿ ನನ್ನ ಹತ್ತಿರ ಬಂದು ನಿಂತರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೇಳಿದರು. "ಕಾಕಾ, ಬಾಗಿಲಾ ನಾನ ಹಾಕ್ಲೇನು?"

"ಬಾಗಿಲಾ ನಾ ಹಾಕ್ತೀನವಾ, ನೀ ಬಾಯಿ ತೆಗಿ" ಎಂದು ಗುರುಸಿದ್ಧಪ್ಪ ನಕ್ಕರು.

"ನೀವು ಫೌಜದಾರ ಹಾಕಿದಂಗ ಹಾಕ್ತೀರಿ. ಕಾಶೀಬಾಯಿ ಹಂಗ ಹಾಕಾಕಿ ಅಲ್ಲ."

ಗುರುಸಿದ್ಧಪ್ಪ ಸರಿದು ನಿಂತರು. ಇಂದುಮತಿ ನನ್ನ ಹಿಂದಿನ ಖಾಲಿ ಜಾಗವನ್ನು ನೋಡುತ್ತ ಮೆಲ್ಲಗೆ ಹೇಳತೊಡಗಿದರು. ಒಲೆ ಬಲಗಡೆ. ನೀರಿನ ಕೊಡ ಈ ಮೂಲೆಯಲ್ಲಿ, ಅದರ ಮೇಲೆ ತಟ್ಟೆ ಮುಚ್ಚಿದೆ. ಒಂದೇ ಸೀರೆ ಒಣಗುವಷ್ಟು ಹಗ್ಗ. ಮನೆಯೊಡತಿಗೆ ಕೇಳದ ಹಾಗೆ ಅಗಳಿ ಹಾಕುತ್ತಾಳೆ. ನಾಲ್ಕು ಹೆಜ್ಜೆ ಹೋಗಿ ಮತ್ತೆ ಬಂದು ಎಳೆದು ನೋಡುತ್ತಾಳೆ. ಹೇಳುತ್ತಾ ಹೇಳುತ್ತಾ ಅವರ ದನಿಯೇ ತಗ್ಗಿತು. ಮೊದಲ ಸಲ ನನಗೆ ನನ್ನ ಬೆನ್ನಿಗೊಂದು ಕೋಣೆ ಇದೆ ಅನ್ನಿಸಿತು.

ಆಗೆಲ್ಲ ನಾಟಕ ನೇರವಾಗಿಯೇ ಪ್ರಸಾರವಾಗುತ್ತಿತ್ತು. ಕೆಂಪು ದೀಪ ಹತ್ತಿತು. ಮೈಕನ್ನು ನನ್ನ ಸಮೀಪ ತಂದಿದ್ದರು. ಇಂದುಮತಿ ಅಗಳಿ ಹಾಕಿದರು. ಮತ್ತೆ ಬಂದು ಎಳೆದು ನೋಡಿದರು. ಮನಸ್ಸಿಗೆ ಸಮಾಧಾನವಾಗಲಿಲ್ಲವೇನೋ, ಕಾಶೀಬಾಯಿಯ ಹಾಗೆಯೇ ಅದನ್ನು ಪೂರ್ತಿ ಒಳಕ್ಕೆ ಒತ್ತಿಬಿಟ್ಟರು.

ಗುರುಸಿದ್ಧಪ್ಪ ಬಡಿದರು. ಅಣ್ಣನ ಪಾತ್ರದವರು ಓದಿದರು. "ಕಾಶೀ, ಬಾಗಿಲಾ ತೆಗಿ. ನಿನ್ನ ಗಂಡನ ಮನಿಗೆ ವಾಪಸ್ ಬಿಡಾಕ ಬಂದೇನಿ."

ಬರೆದಿದ್ದಂತೆ ಅವಳು ಬಾಗಿಲು ತೆಗೆದು ಅಳಬೇಕು. ಇಂದುಮತಿ ಎಳೆದರು. ಅಗಳಿ ಬರಲಿಲ್ಲ. ಎರಡೂ ಕೈ ಹಾಕಿದರು. ನಾನೂ ನನ್ನಿಂದಾದಷ್ಟು ಸಡಿಲಾಗಲು ನೋಡಿದೆ, ಆಗಲಿಲ್ಲ. ಗಾಜಿನಾಚೆ ವನಮಾಲಾಬಾಯಿ ಎದ್ದು ನಿಂತದ್ದು ಕಂಡಿತು; ನನ್ನ ಮರೆಯಲ್ಲಿದ್ದ ಇಂದುಮತಿಯ ಕೈಗಳು ಅವರಿಗೆ ಕಾಣುತ್ತಿರಲಿಲ್ಲ. ಊರಿನ ರೇಡಿಯೋಗಳಲ್ಲೆಲ್ಲ ಬರೀ ಮೌನ.

ಇಂದುಮತಿ ಕಾಗದವನ್ನು ನೆಲಕ್ಕೆ ಬಿಟ್ಟರು. ಹಣೆಯನ್ನು ನನ್ನ ಹಲಗೆಗೆ ಆನಿಸಿದರು.

"ಒಲಿ ಮ್ಯಾಲ ಅನ್ನ ಇಟ್ಟೇನಿ, ಅಣ್ಣಾ. ನನ್ನೊಬ್ಬಾಕಿಗೇ ಇಟ್ಟೇನಿ. ನೀ ಊರಿಗೆ ಹೋಗು. ಅವ್ವಗ ನಾ ಆರಾಮ ಅದೀನಿ ಅಂತ ಹೇಳು."

ಅಣ್ಣನ ಪಾತ್ರದವರಿಗೆ ಮುಂದೆ ಓದಲು ಏನೂ ಉಳಿದಿರಲಿಲ್ಲ. ಅವರು ಸುಮ್ಮನೆ ಹೆಜ್ಜೆ ಸಪ್ಪಳ ಮಾಡುತ್ತ ದೂರ ಸರಿದರು. ಕೆಂಪು ದೀಪ ಆರಿತು.

ವನಮಾಲಾಬಾಯಿ ಓಡಿಬಂದು ಇಂದುಮತಿಯ ಕೈ ಹಿಡಿದರು. "ಯವ್ವಾ! ಬೇಕಂತನ ತೆಗೀದ ನಿಂತ್ಯಲ್ಲ, ನನ್ನ ಮೈ ಜುಮ್ಮಂತು! ಕಡೀತನಾ ನೀನ ಕಾಶೀಬಾಯಿ." ಇಂದುಮತಿ ಏನೋ ಹೇಳಲು ಬಾಯಿ ತೆರೆದರು. ಗುರುಸಿದ್ಧಪ್ಪ ಕಣ್ಣಿನಲ್ಲೇ ತಡೆದರು. ಎಲ್ಲರೂ ಹೋದ ಮೇಲೆ ಅವರು ಸುತ್ತಿಗೆ ತಂದು ನನ್ನ ಅಗಳಿಯನ್ನು ಬಿಡಿಸಿದರು.

ವರ್ಷಗಳು ಕಳೆದವು. ಈಗ ಬಾಗಿಲಿನ ಸದ್ದುಗಳೆಲ್ಲ ಕಂಪ್ಯೂಟರಿನಲ್ಲಿವೆ. ನಾನು ಸ್ಟೋರ್ ಕೋಣೆಯಲ್ಲಿ, ಮುರಿದ ಕುರ್ಚಿಗಳ ನಡುವೆ ನಿಂತಿದ್ದೇನೆ. ಇದರಲ್ಲಿ ಬೇಸರವೇನಿಲ್ಲ. ಮನೆ ಕಾಯುವ ಬಾಗಿಲುಗಳು ಊರ ತುಂಬ ಇವೆ. ಇಲ್ಲದ ಕೋಣೆಯೊಂದನ್ನು ಒಂದು ಸಂಜೆ ಕಾಯುವ ಭಾಗ್ಯ ನನ್ನದಾಯಿತು.

ಮೊನ್ನೆ ಇಂದುಮತಿ ಬಂದಿದ್ದರು. ಕೂದಲೆಲ್ಲ ಬೆಳ್ಳಗಾಗಿದೆ. ಅವರ ಸಂದರ್ಶನವಂತೆ. "ವನಮಾಲಾಬಾಯಾರೂ ಹ್ವಾದ್ರು, ಕಾಕಾನೂ ಹ್ವಾದ್ರು" ಎಂದು ನನ್ನ ಚೌಕಟ್ಟನ್ನು ಸವರಿದರು. "ಇವತ್ತರ ಖರೇ ಹೇಳಿಬಿಡ್ತೀನಿ."

ಅಷ್ಟರಲ್ಲಿ ಸಂದರ್ಶನ ಮಾಡುವ ನಡುವಯಸ್ಸಿನ ಮಹಿಳೆ ಅವರನ್ನು ಹುಡುಕಿಕೊಂಡು ಒಳಗೆ ಬಂದರು. "ಅಮ್ಮಾರ, ಮೊದಲ ಇದನ್ನ ಹೇಳ್ರಿ. ಕಾಶೀಬಾಯಿ ಯಾಕ ಬಾಗಿಲಾ ತೆಗೀಲಿಲ್ಲ? ನಮ್ಮವ್ವ ಅದನ್ನ ಕೇಳಿದ್ಲಂತ. ಮರುವರ್ಷ ನಮ್ಮ ಸೋದರಮಾವ ಆಕೀನ್ನ ಗಂಡನ ಮನಿಗೆ ವಾಪಸ್ ಕಳಸಾಕ ಬಂದಾಗ ಆಕಿನೂ ತೆಗೀಲಿಲ್ಲಂತ್ರೀ. ಆಗ ನಾ ತೊಟ್ಟಿಲ ಕೂಸು."

ಇಂದುಮತಿ ನನ್ನ ಚೌಕಟ್ಟಿನಿಂದ ಕೈ ತೆಗೆದು ಅವರ ಕಡೆ ತಿರುಗಿದರು.

"ಅವ್ವ ಹೆಂಗದಾರವಾ ಈಗ?"

"ಆರಾಮ ಅದಾಳ್ರಿ."

"ಕಾಶೀಬಾಯಿಗೆ ತೆಗೀಬೇಕಂತ ಅನಸಲಿಲ್ಲ. ಅಷ್ಟ" ಎಂದರು ಇಂದುಮತಿ. ಅಂದು ಅಗಳಿ ಸಿಕ್ಕಿಕೊಂಡಿದ್ದ ಸಂಗತಿಯನ್ನು ಇನ್ನು ಯಾರಿಗೂ ಹೇಳಬಾರದೆಂದು ಅವರು ತೀರ್ಮಾನಿಸಿದ್ದು ಆ ಗಳಿಗೆಯಲ್ಲೇ.