ದಿಬ್ಬಕ್ಕೆ ಹುಲ್ಲಿನ ಹೊದಿಕೆ

ಮೊದಲ ಸಲ ನೋಡಿದಾಗ ಆ ದಿಬ್ಬದ ಮೇಲೆ ಒಂದೆಸಳು ಗರಿಕೆಯೂ ಇರಲಿಲ್ಲ. ಅಣುವಿದ್ಯುತ್ ಕೇಂದ್ರದಲ್ಲಿ ಬಳಸಿ ಬಿಟ್ಟ ಕೈಗವಸು, ಬಟ್ಟೆ, ಪೈಪಿನ ತುಂಡುಗಳಂಥ ವಿಕಿರಣ ಸೂಸುವ ಕಸವನ್ನೆಲ್ಲ ಅಲ್ಲಿ ಹೂತಿದ್ದರು. ಮಳೆನೀರು ಒಳಗಿಳಿಯದಂತೆ ಅದಕ್ಕೊಂದು ಹೊದಿಕೆ ಬೇಕಿತ್ತು. ಆ ಹೊದಿಕೆ ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲಕ್ಕೂ ಉಳಿಯಬೇಕಿತ್ತು. ನೀರು ಇಳಿದರೆ ಕೆಳಗಿನ ಕೇರಿಯ ಬಾವಿ ಕೆಡುತ್ತಿತ್ತು.

ಹಿರಿಯ ಎಂಜಿನಿಯರ್ ಶಾಂತಮಲ್ಲಪ್ಪನವರು ಜೇಡಿಮಣ್ಣನ್ನು ಗಟ್ಟಿಯಾಗಿ ಬಡಿದು ದಮ್ಮಸು ಮಾಡಿ ಮುಚ್ಚುವುದರಲ್ಲಿ ಹೆಸರಾದವರು. ಸಸ್ಯಶಾಸ್ತ್ರ ಓದಿ ಆಗಷ್ಟೇ ಕೆಲಸಕ್ಕೆ ಸೇರಿದ್ದ ನಾನು, ದಪ್ಪಗೆ ಸಡಿಲ ಮಣ್ಣು ಹಾಕಿ ಈ ಸೀಮೆಯದೇ ಹುಲ್ಲು, ಪೊದೆ ಬೆಳೆಸೋಣ ಎಂದೆ. ಮಣ್ಣು ಮಳೆಯನ್ನು ಹಿಡಿದಿಟ್ಟುಕೊಂಡರೆ ಬೇರುಗಳು ಅದನ್ನು ಹೀರಿ ಮತ್ತೆ ಗಾಳಿಗೆ ಬಿಡುತ್ತವೆ ಎಂಬುದು ನನ್ನ ವಾದ.

"ನೀರನ್ನ ತಡೀಬೇಕಮ್ಮ, ಕುಡಿಸೋದಲ್ಲ," ಎಂದರು ಅವರು. ಆದರೂ ದಿಬ್ಬದ ಪಕ್ಕದ ಬರಿನೆಲದಲ್ಲಿ ಎರಡು ಮಡಿ ಮಾಡಿಸಿದರು: ಒಂದು ಅವರ ಜೇಡಿಮಣ್ಣಿನದು, ಇನ್ನೊಂದು ನನ್ನ ಹುಲ್ಲಿನದು. ಕೆಳಗಿಳಿದ ನೀರನ್ನು ಅಳೆಯಲು ಎರಡರ ಅಡಿಗೂ ತೊಟ್ಟಿ ಇರಿಸಿದೆವು.

ಮೊದಲ ಮಳೆಗಾಲದಲ್ಲಿ ನಾನು ಸೋತೆ. ಹುಲ್ಲು ಇನ್ನೂ ಬೇರೂರಿರಲಿಲ್ಲ. ನನ್ನ ತೊಟ್ಟಿ ತುಂಬಿತು. ಅವರದು ಒಣಗಿಯೇ ಇತ್ತು. ಬಾವಿಯ ಚಿಂತೆಯಿಂದ ಆಗಾಗ ಬಂದು ನೋಡುತ್ತಿದ್ದ ಕೇರಿಯ ಸಿದ್ದಗಂಗಮ್ಮ, "ನಿನ್ನ ಹುಲ್ಲು ನಂಬ್ಕೊಂಡ್ರೆ ನಾವು ವಿಷ ಕುಡೀಬೇಕಾಯ್ತದೆ ಕಣವ್ವ," ಎಂದರು. ಹುಲ್ಲಿನ ಮಡಿ ಕಿತ್ತುಹಾಕಿ, ದಿಬ್ಬಕ್ಕೆ ಜೇಡಿಮಣ್ಣು ಹೊದಿಸಿ ಕೆಲಸ ಮುಗಿಸಿ ಎಂದು ಮೇಲಧಿಕಾರಿಗಳು ಹೇಳಿದರು.

ಅಡ್ಡ ಬಂದವರು ಶಾಂತಮಲ್ಲಪ್ಪನವರೇ. "ನೂರಾರು ವರ್ಷ ಬಾಳಬೇಕಾದ್ದನ್ನ ಒಂದು ಮಳೆಗಾಲ ನೋಡಿ ತೀರ್ಮಾನ ಮಾಡೋದಾ? ಎರಡೂ ಇರಲಿ. ಅಲ್ಲೀವರೆಗೆ ದಿಬ್ಬಕ್ಕೆ ಟಾರ್ಪಾಲು ಹಾಕಿ." ಗೆದ್ದಿದ್ದವರು ಅವರು, ಕಾಯುವ ಅಗತ್ಯ ಅವರಿಗಿರಲಿಲ್ಲ.

ಮುಂದಿನ ಬೇಸಿಗೆಗಳು ಕಡುವಾಗಿದ್ದವು. ಜೇಡಿಮಣ್ಣು ಒಣಗಿ ಬಿರಿಯಿತು; ಗಾಳಿಗೆ ಹಾರಿಬಂದ ಬೀಜಗಳು ಬಿರುಕಲ್ಲಿ ಮೊಳೆತು ಬೇರು ಇಳಿಬಿಟ್ಟವು. ನನ್ನ ಹುಲ್ಲು ಸತ್ತಂತೆ ಕಂಡರೂ ನಾಲ್ಕು ಹನಿ ಬಿದ್ದೊಡನೆ ಚಿಗುರುತ್ತಿತ್ತು. ಕೊನೆಗೊಂದು ವರ್ಷ ವಾರಗಟ್ಟಲೆ ಜಡಿಮಳೆ ಹಿಡಿಯಿತು. ಮಳೆ ನಿಂತು ಹೊಳವಾದ ಬೆಳಿಗ್ಗೆ ತೊಟ್ಟಿಗಳನ್ನು ತೆರೆದೆವು. ನನ್ನದರಲ್ಲಿ ತಳ ನೆನೆಯುವಷ್ಟೇ ನೀರಿತ್ತು. ಅವರದು ತುಳುಕುತ್ತಿತ್ತು.

ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಅವರು ಅಲ್ಲೇ ಕುಕ್ಕರಗಾಲಲ್ಲಿ ಕುಳಿತು, ಜೇಡಿಮಣ್ಣಿನ ಬಿರುಕಿಗೆ ಬೆರಳಿಳಿಸಿ ಆಳ ನೋಡಿದರು. ಆಮೇಲೆ ಕೇಳಿದರು: "ಯಾವ ಹುಲ್ಲು ಮೊದಲು ಬಿತ್ತೋದಮ್ಮ?"

"ನಿಮಗೆ ಬೇಜಾರಿಲ್ವಾ ಸರ್?"

"ಇಲ್ದೆ ಏನು? ಆದ್ರೆ ದಿಬ್ಬ ಮುಚ್ಚಿದ ಮೇಲೆ ಇದು ಗೊತ್ತಾಗಿದ್ರೆ? ಸಿದ್ದಗಂಗಮ್ಮನ ಎದುರು ಹೇಗೆ ನಿಲ್ತಿದ್ದೆ?"

ದಿಬ್ಬದ ಹೊದಿಕೆ ಇಬ್ಬರದೂ ಆಯಿತು. ಸಡಿಲ ಮಣ್ಣು, ಹುಲ್ಲು ನನ್ನವು; ಹೆಗ್ಗಣಗಳು ತೋಡದಂತೆ ಮಣ್ಣಿನಡಿಗೆ ಕಲ್ಲುಜಲ್ಲಿಯ ಪದರ ಹಾಕಿಸಿದ್ದು ಅವರ ಯೋಚನೆ. ಬಿತ್ತನೆಗೆ ಕೇರಿಯ ಹೆಂಗಸರು ಬಂದರು. ಸಿದ್ದಗಂಗಮ್ಮ ಗೊಣಗುತ್ತಲೇ ಎಲ್ಲರಿಗಿಂತ ಮುಂದಿದ್ದರು.

ನಿವೃತ್ತರಾಗಿ ಎಷ್ಟೋ ಕಾಲದ ಮೇಲೆ ಶಾಂತಮಲ್ಲಪ್ಪನವರು ಒಮ್ಮೆ ಕೋಲೂರಿಕೊಂಡು ಬಂದರು. ಬಾವಿಯ ನೀರು ಆ ವರ್ಷದ ಪರೀಕ್ಷೆಯಲ್ಲೂ ಶುದ್ಧವಾಗಿತ್ತು. ಸೊಂಟದೆತ್ತರದ ಹುಲ್ಲಿನ ನಡುವೆ ಸುತ್ತಾಡಿ ಬಂದಾಗ ಅವರ ಪಂಚೆಯ ತುಂಬ ಬೀಜಗಳು ಮೆತ್ತಿಕೊಂಡಿದ್ದವು. ಕೊಡವಲು ನಾನು ಬಾಗಿದೆ.

"ಇರಮ್ಮ," ಎಂದು ತಡೆದರು. ಒಂದೊಂದನ್ನೇ ಬಿಡಿಸಿ, ಮಳೆ ಕೊರೆದಿದ್ದ ಅಂಗೈಯಗಲದ ಬೋಳು ಜಾಗಕ್ಕೆ ಹಾಕಿ, ಕಾಲ್ಬೆರಳಿನಿಂದ ಮೆಲ್ಲಗೆ ಮಣ್ಣೆಳೆದರು.