ಐದು ಗಂಟೆಯ ಮೇನ್ ಸ್ವಿಚ್

ಜಯಸಿಂಹನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಪೀಣ್ಯದ ಆ ಶೆಡ್ಡಿನಲ್ಲಿ ಎಲೆಕ್ಟ್ರಾನಿಕ್ ತೂಕದ ಯಂತ್ರ ಮಾಡಲು ಶುರುಮಾಡಿದ ದಿನದಿಂದಲೂ ನಾನಿದ್ದೆ. ಮಾಲೀಕರು ವೆಂಕಟಸುಬ್ಬಯ್ಯನವರು ಸರ್ಕಾರಿ ಕಾರ್ಖಾನೆಯ ಕೆಲಸ ಬಿಟ್ಟು ಬಂದಾಗ ಜೊತೆಗೆ ಕರೆತಂದದ್ದು ನನ್ನೊಬ್ಬನನ್ನೇ. ಒಂಬತ್ತು ವರ್ಷ ಏನು ಕೆಟ್ಟರೂ 'ನಾಣಿ, ಇದನ್ನ ನೋಡೋ' ಎನ್ನುತ್ತಿದ್ದರು. ಎಂಬತ್ತೇಳರಲ್ಲಿ ಬಿ.ಇ. ಮುಗಿಸಿದ ಜಯಸಿಂಹ ಬಂದ. ಮೂರೇ ತಿಂಗಳಲ್ಲಿ ಅವರ ಫ್ಲಾಸ್ಕಿನ ಮುಚ್ಚಳದ ಕಾಫಿ ನನ್ನ ಕೈ ತಪ್ಪಿ ಅವನ ಕೈ ಸೇರಿತು.

ಅದನ್ನೂ ನುಂಗಿಕೊಂಡಿದ್ದೆ. ಆದರೆ ಅವನು ನನ್ನ ಬ್ಯಾಟರಿಗೇ ಕೈ ಹಾಕಿದ. ಒಂದು ಕಿಲೋ ಎಂದರೆ ಎಷ್ಟು ಎಂದು ತೂಕದ ಯಂತ್ರಕ್ಕೆ ಒಮ್ಮೆ ಕಲಿಸಬೇಕು, ಕರೆಂಟು ಹೋದರೂ ಅದು ಮರೆಯಬಾರದು. ಅದಕ್ಕೆಂದು ನಾನು ಬೋರ್ಡಿನ ಮೇಲೆ ಮೂರು ಸೆಲ್ ಕೂರಿಸಿದ್ದೆ. ಜಯಸಿಂಹ ಅವನ್ನು ಕಿತ್ತು, ಬ್ಯಾಟರಿಯೇ ಬೇಡದ ಹೊಸ ಮೆಮೊರಿ ಚಿಪ್ ಹಾಕಿದ. ಯಂತ್ರದ ಮಿದುಳಾದ ಮೈಕ್ರೋಕಂಟ್ರೋಲರ್ ಅದರಲ್ಲಿ ಬರೆದಿಟ್ಟದ್ದು ಹತ್ತು ವರ್ಷ ಅಳಿಸುವುದಿಲ್ಲವಂತೆ.

ಹತ್ತು ವರ್ಷವಿರಲಿ, ಹತ್ತು ದಿನವೂ ನಿಲ್ಲಲಿಲ್ಲ. ಟೆಸ್ಟಿಂಗಿಗೆ ನಲವತ್ತು ಯಂತ್ರ ಸಾಲಾಗಿ ಇಟ್ಟಿದ್ದೆವು. ದಿನಾ ಬೆಳಿಗ್ಗೆ ಆನ್ ಮಾಡಿದರೆ ಎರಡಕ್ಕೋ ಮೂರಕ್ಕೋ ತಲೆ ಕೆಟ್ಟಿರುತ್ತಿತ್ತು. ಖಾಲಿ ತಟ್ಟೆಗೆ ಹದಿನೇಳು ಕಿಲೋ ತೋರಿಸುತ್ತಿದ್ದವು. ಶುಕ್ರವಾರ ಕೊಳ್ಳುವವರ ಕಡೆಯಿಂದ ಇನ್ಸ್‌ಪೆಕ್ಷನ್ ಇತ್ತು.

"ಅದು ಮುಗೀಲಿ, ಟೆಸ್ಟಿಂಗ್ ಇನ್‌ಚಾರ್ಜ್ ಯಾರು ಅಂತ ಅವತ್ತೇ ಹೇಳ್ಬಿಡ್ತೀನಿ" ಎಂದರು ವೆಂಕಟಸುಬ್ಬಯ್ಯನವರು, ನಮ್ಮಿಬ್ಬರ ಎದುರಿಗೇ. ಒಂಬತ್ತು ವರ್ಷ ನಾನು ಕಾದದ್ದು ಆ ಒಂದು ಮಾತಿಗೆ.

ಜಯಸಿಂಹ ಚಿಪ್ಪಿನಲ್ಲಿದ್ದ ಅಂಕಿಗಳನ್ನೆಲ್ಲ ಓದಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ತನ್ನ ಮೇಜಿನ ಸ್ವಿಚ್ಚನ್ನು ನೂರು ಸಲ ಆರಿಸಿ ಹಚ್ಚಿದ. ಅಲ್ಲಿ ಒಂದು ಸಲವೂ ತಪ್ಪಾಗಲಿಲ್ಲ. ಅವನ ಮುಖ ಬಾಡಿದಷ್ಟೂ ನನಗೆ ಊಟ ರುಚಿಸುತ್ತಿತ್ತು.

ಸೋಮವಾರ ಸಂಜೆ ಮೇನ್ ಬೋರ್ಡಿನ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಪಕ್ಕದ ಫ್ಯಾಕ್ಟರಿಯ ಸೈರನ್ ಕೂಗಿತು. ನಮ್ಮ ವಾಚ್‌ಮನ್, ನಾಗಸಂದ್ರದ ಚಿಕ್ಕಬೈರಪ್ಪ, ಎಂದಿನಂತೆ ಬೋರ್ಡಿಗೆ ಕೈ ಮುಗಿದು ಮೇನ್ ಎಳೆದ. ಐದು ಎಂದರೆ ಐದು, ಬಿಡಿಭಾಗ ಕಡೆಯುವ ಲೇತು ತಿರುಗುತ್ತಿದೆಯೇ ಇಲ್ಲವೇ ಎಂದು ನೋಡುವ ಪೈಕಿಯಲ್ಲ ಅವನು. ಅವತ್ತೂ ಲೇತುಗಳು ರಭಸವಾಗಿ ತಿರುಗುತ್ತಲೇ ಇದ್ದವು. ಬಲ್ಬುಗಳು ತಟ್ಟನೆ ಆರಲಿಲ್ಲ. ಕೆಂಪಾಗಿ, ಮಂಕಾಗಿ, ಮೆಲ್ಲಗೆ ಆರಿದವು.

ನನಗೆ ಎಲ್ಲ ಹೊಳೆಯಿತು. ತಿರುಗುತ್ತಿದ್ದ ಮೋಟಾರುಗಳೇ ಲೈನಿಗೆ ಕರೆಂಟು ವಾಪಸ್ ತಳ್ಳುತ್ತಿದ್ದವು. ವೋಲ್ಟೇಜು ಹಂತಹಂತವಾಗಿ ಇಳಿಯುವಾಗ ಮೈಕ್ರೋಕಂಟ್ರೋಲರಿಗೆ ಜ್ವರ ಬಂದವರ ಹಾಗೆ ಕನವರಿಕೆ ಹತ್ತಿ, ಅದು ಮೆಮೊರಿಯಲ್ಲಿ ಏನೇನೋ ಗೀಚಿಬಿಡುತ್ತಿತ್ತು. ಮೇಜಿನ ಸ್ವಿಚ್ಚಿನಲ್ಲಿ ಕರೆಂಟು ಒಮ್ಮೆಗೇ ಹೋಗುತ್ತಿದ್ದುದರಿಂದ ಅಲ್ಲಿ ಈ ತೊಂದರೆ ಕಾಣುತ್ತಿರಲಿಲ್ಲ. ವೋಲ್ಟೇಜು ಇಳಿಯುತ್ತಲೇ ಮೈಕ್ರೋಕಂಟ್ರೋಲರನ್ನು ತಡೆದು ನಿಲ್ಲಿಸಲು ಎರಡು ಟ್ರಾನ್ಸಿಸ್ಟರಿನ ಒಂದು ಪುಟ್ಟ ಸರ್ಕ್ಯೂಟು ಸಾಕಿತ್ತು.

ಯಾರಿಗೂ ಹೇಳಲಿಲ್ಲ. ಮಂಗಳವಾರ ಜಯಸಿಂಹನೇ ಬಂದು ಕೇಳಿದ. "ನಾಣಿ ಸಾರ್, ನಿಮಗೇನಾದ್ರೂ ಹೊಳೀತಾ?"

"ನೀವು ಓದಿದೋರು ಕಣ್ರೀ. ನಾನು ಬರೀ ಐ.ಟಿ.ಐ." ಎಂದೆ. ಹೇಳುವಾಗ ಬಾಯಿ ಸಿಹಿಯಾಗಿತ್ತು.

ಶುಕ್ರವಾರ, ಬಂದವರ ಎದುರು ಅವನು ತಡವರಿಸುವಾಗ ಬಾಯಿ ಬಿಡುವುದೆಂದು ಲೆಕ್ಕ ಹಾಕಿದ್ದೆ. ನನ್ನ ಊಹೆ ಸರಿಯೇ ಎಂದು ಖಾತ್ರಿ ಮಾಡಿಕೊಳ್ಳಲು ಬುಧವಾರ ಚಿಕ್ಕಬೈರಪ್ಪನಿಗೆ, ಲೇತು ಪೂರ್ತಿ ನಿಂತ ಮೇಲೆ ಮೇನ್ ಎಳೆಯಲು ಹೇಳಿದೆ. ಗುರುವಾರ ಬೆಳಿಗ್ಗೆ ನಲವತ್ತೂ ಸರಿಯಾಗಿದ್ದವು. ಇವತ್ತಿಂದ ಮತ್ತೆ ಮೊದಲಿನ ಹಾಗೇ ಮಾಡಪ್ಪ ಎಂದು ಅವನಿಗೆ ಹೇಳಲು ಮಾತ್ರ ಮರೆತುಬಿಟ್ಟೆ. ಅದೇ ಬುಧವಾರ ಜಯಸಿಂಹ, ದೋಷ ಚಿಪ್ಪಿನದೇ ಎಂದುಕೊಂಡು, ಬೇರೆ ಲಾಟಿನ ಚಿಪ್ ತರಿಸಿ ಎಲ್ಲ ಯಂತ್ರಕ್ಕೂ ಹಾಕಿದ್ದ.

ಶುಕ್ರವಾರವೂ ನಲವತ್ತೂ ಸರಿಯಾಗಿದ್ದವು. ಬಂದ ಇಬ್ಬರು ಇನ್ಸ್‌ಪೆಕ್ಟರುಗಳು ತೂಕದ ಬಟ್ಟು ಇಟ್ಟು ನೋಡಿ ತಲೆಯಾಡಿಸಿದರು. ವೆಂಕಟಸುಬ್ಬಯ್ಯನವರು ಜಯಸಿಂಹನ ಹೆಗಲ ಮೇಲೆ ಕೈ ಹಾಕಿ, "ಚಿಪ್ಪಲ್ಲೇ ದೋಷ ಇತ್ತು. ಇವನೇ ಹುಡುಕಿದ್ದು" ಎಂದರು.

ಸುಮ್ಮನಿದ್ದಿದ್ದರೆ ಯಂತ್ರಗಳು ಹೋಗಿ ಕೊಂಡವರಲ್ಲಿ ಕೆಡುತ್ತಿದ್ದವು, ಜಯಸಿಂಹನ ಕಥೆ ಮುಗಿಯುತ್ತಿತ್ತು. ನನಗೆ ಬೇಕಾದದ್ದೂ ಅದೇ. ಆದರೆ ಹೆಗಲ ಮೇಲಿನ ಆ ಕೈಯನ್ನು ನನ್ನಿಂದ ನೋಡಲಾಗಲಿಲ್ಲ.

"ಅವನೇನೂ ಹುಡುಕಿಲ್ಲ" ಎಂದುಬಿಟ್ಟೆ. "ಲೇತು ಹಾಕ್ಸಿ ಸಾರ್, ತೋರಿಸ್ತೀನಿ."

ಲೇತುಗಳು ತಿರುಗಿದವು. ಚಿಕ್ಕಬೈರಪ್ಪ ಮೇನ್ ಎಳೆದು ಮತ್ತೆ ಹಾಕಿದ. ಒಂದು ಯಂತ್ರ ಖಾಲಿ ತಟ್ಟೆಗೆ ಹದಿನೇಳು ಕಿಲೋ ತೋರಿಸಿತು. ಇನ್ನೊಂದರಲ್ಲಿ ಅಂಕಿಯೇ ಇರಲಿಲ್ಲ. ನಾನು ಎದೆಯುಬ್ಬಿಸಿ ಕಾರಣ ವಿವರಿಸಿದೆ. ಇನ್ಸ್‌ಪೆಕ್ಟರುಗಳು ಸರಿಮಾಡಿಡಿ, ಸೋಮವಾರ ಬರುತ್ತೇವೆ ಎಂದು ಹೊರಟರು.

"ಇದು ಯಾವಾಗ ಗೊತ್ತಾಯ್ತೋ?" ಎಂದರು ವೆಂಕಟಸುಬ್ಬಯ್ಯನವರು.

"ಈಗ ತಾನೇ ಸಾರ್."

ಚಿಕ್ಕಬೈರಪ್ಪ ನನಗೆ ಸಹಾಯ ಮಾಡುತ್ತಿದ್ದೇನೆಂದೇ ನಂಬಿ ಬಾಯಿ ಹಾಕಿದ. "ಇಲ್ಲ ಸಾ, ಸ್ವಾಮಾರ ಸಂಜೇನೇ ಇಲ್ಲಿ ನಿಂತ್ಕಂಡು ಬಲ್ಪು ನೋಡ್ತಿದ್ರು. ಬುದ್ವಾರ ಯೋಳಿದ್ರು, ಲೇತು ನಿಂತ್ ಮ್ಯಾಕೆ ಎಳಿ ಅಂತ. ಅವತ್ತಿಂದ ಅಂಗೇ ಮಾಡ್ತಾ ಇವ್ನಿ."

ಯಾರೂ ಬಯ್ಯಲಿಲ್ಲ. "ಟೆಸ್ಟಿಂಗ್ ಇನ್ಮೇಲೆ ಜಯಸಿಂಹ ನೋಡ್ಕೊಳ್ಲಿ" ಎಂದಷ್ಟೇ ಹೇಳಿ ವೆಂಕಟಸುಬ್ಬಯ್ಯನವರು ಆಫೀಸಿಗೆ ಹೋದರು.

ಜಯಸಿಂಹ ನನ್ನ ಎದುರು ಸ್ಟೂಲ್ ಎಳೆದುಕೊಂಡು ಕೂತ. "ಹಾಗೇ ಕಳಿಸಿಬಿಡ್ತಿದ್ದೆ ಸಾರ್. ನನ್ನ ಮಾನ ಉಳಿಸಿದ್ರಿ" ಎಂದ. ವ್ಯಂಗ್ಯವೇನೋ ಎಂದು ಮುಖ ನೋಡಿದೆ. ಹಾಳಾದವನು ಮನಸಾರೆ ಹೇಳುತ್ತಿದ್ದ.

ನಾನು ಸರ್ಕ್ಯೂಟು ಬರೆದುಕೊಟ್ಟೆ. ಇಪ್ಪತ್ತು ಬೋರ್ಡಿಗೆ ನಾನು ಬೆಸುಗೆ ಹಾಕಿದೆ, ಇಪ್ಪತ್ತಕ್ಕೆ ಅವನು. ಬೆಸುಗೆಯಲ್ಲಿ ಪೀಣ್ಯದಲ್ಲೇ ನನ್ನನ್ನು ಮೀರಿಸುವವರಿರಲಿಲ್ಲ. ಅವನು ಕೈ ತೊಳೆಯಲು ಹೋದಾಗ ಕನ್ನಡಕ ಏರಿಸಿ ಅವನ ಇಪ್ಪತ್ತನ್ನೂ ಒಂದೊಂದಾಗಿ ನೋಡಿದೆ, ಒಂದಾದರೂ ತಪ್ಪು ಸಿಗಲಿ ಎಂದು. ನನ್ನವಕ್ಕಿಂತ ಚೆನ್ನಾಗಿದ್ದವು.