ಹನ್ನೆರಡು ಚೌಕಗಳು

ಒಂದು ರಾಜ್ಯದಲ್ಲಿ ಪ್ರಜೆಗಳ ಅಹವಾಲುಗಳೆಲ್ಲ ದೊರೆಯ ಮುಂದಿನ ಪರದೆಯ ಮೇಲೆ ಮೂಡುತ್ತಿದ್ದವು. ಆ ವೆಬ್ ಪುಟದ ಕೋಡ್ ಬರೆದವನು ವನಮಾಲಿ. ಒಬ್ಬೊಬ್ಬ ಪ್ರಜೆಗೂ ಒಂದೊಂದು ಹೊಸ ಚೌಕ ಹುಟ್ಟಿಕೊಂಡು, ಲಕ್ಷ ಚೌಕಗಳ ಭಾರಕ್ಕೆ ಪುಟ ಅಲ್ಲಲ್ಲೇ ನಿಂತುಬಿಡುತ್ತಿತ್ತು. ವನಮಾಲಿ ಅದನ್ನು ಹೊಸದಾಗಿ ಬರೆದ. ಒಮ್ಮೆಗೆ ಕಣ್ಣಿಗೆ ಕಾಣುವುದು ಹನ್ನೆರಡೇ ಚೌಕ, ಅಷ್ಟನ್ನೇ ಉಳಿಸಿಕೊಂಡ. ಮೇಲೆ ಸರಿದು ಮರೆಯಾದ ಚೌಕವನ್ನು ಒರೆಸಿ, ಇನ್ನೊಬ್ಬರ ಹೆಸರು, ಅಹವಾಲು ತುಂಬಿ, ಕೆಳಗಿನಿಂದ ಮತ್ತೆ ಬರುವಂತೆ ಮಾಡಿದ. ಪುಟ ನೀರಿನಂತೆ ಹರಿಯಿತು.

ಮಂತ್ರಿ ಅದನ್ನು ನೋಡಿ, "ಆಸ್ಥಾನದಲ್ಲೂ ಹೀಗೇ ಮಾಡಬಹುದಲ್ಲ? ಸಾಲು ನಿಂತವರೆಲ್ಲ ಒಳಗೆ ಬರೋದ್ಯಾಕೆ? ಹನ್ನೆರಡು ಜನ ಸಾಕು, ಅವರೇ ಸರದಿಯಲ್ಲಿ ಎಲ್ಲರ ಅಹವಾಲೂ ಹೇಳಲಿ," ಎಂದ.

"ಸ್ವಾಮಿ, ಅವು ಬರೀ ಚೌಕಗಳು."

"ಈ ಕೆಲಸ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೊದಲನೆಯವನು ನೀನೇ ಆಗು."

ಅಂದಿನಿಂದ ವನಮಾಲಿ ದಿನಕ್ಕೆ ನೂರು ಸಲ ರುಮಾಲು ಬದಲಿಸಿ, ಕೈಗೆ ಬಂದ ಚೀಟಿಯ ಹೆಸರಿನಲ್ಲಿ ದೊರೆಯ ಮುಂದೆ ನಿಂತ. ಎತ್ತರದ ಪೀಠದಲ್ಲಿ ಕುಳಿತವನಿಗೆ ರುಮಾಲು ಕಾಣುತ್ತಿತ್ತೇ ಹೊರತು ಮುಖವಲ್ಲ. ಯಾರದೋ ಬತ್ತಿದ ಬಾವಿ, ಯಾರದೋ ಸೆರೆಯಲ್ಲಿದ್ದ ಗಂಡ, ಹೇಳಿದ್ದಕ್ಕೆಲ್ಲ ಪರಿಹಾರ ಸಿಕ್ಕಿತು. ವನಮಾಲಿ ಕಾದಿದ್ದು ಮಾತ್ರ ತನ್ನ ಹೆಸರಿನ ಚೀಟಿಗೆ. ಮಂತ್ರಿಯ ಪಲ್ಲಕ್ಕಿಗೆ ದಾರಿ ಬಿಡಲಿಲ್ಲವೆಂದು ವನಮಾಲಿಯ ತಂಗಿ ಶರ್ವಾಣಿಯನ್ನು ಗಡಿಪಾರು ಮಾಡಿ ಏಳು ವರ್ಷವಾಗಿತ್ತು. ಅವಳು ಮನೆಗೆ ಬರುವಾಗ ಬೀದಿಯ ತಿರುವಿನಿಂದಲೇ ಸೀಟಿ ಹಾಕುತ್ತಿದ್ದಳು. ಎಲ್ಲಿ ಸೀಟಿ ಕೇಳಿದರೂ ಅವನು ಈಗಲೂ ತಿರುಗಿ ನೋಡುತ್ತಿದ್ದ.

ಕೊನೆಗೊಂದು ದಿನ ಅವನ ಸರದಿ ಬಂತು. ಅಂದು ಬರಿದಲೆಯಲ್ಲೇ ಹೋದ. "ಪ್ರಭು, ನನ್ನ ತಂಗಿ..." ಎಂದು ಶುರುಮಾಡಿದ. ಊರಿನವರ ಮಾತನ್ನೆಲ್ಲ ಆಡಿದ ನಾಲಿಗೆಗೆ ತನ್ನ ಮಾತು ಸಿಗಲಿಲ್ಲ. "ಮನೆಗೆ ಬರಲಿ," ಎಂದಷ್ಟೇ ಹೇಳಿದ.

ದೊರೆ ಮುಖ ಸಿಂಡರಿಸಿದ. "ಇಷ್ಟು ದಿನ ಬಂದವರೆಲ್ಲ ಎದೆ ಬಿಚ್ಚಿ ಮಾತಾಡಿದರು. ಇವನು ಯಾರೋ ಹೇಳಿಕೊಟ್ಟದ್ದನ್ನು ಒಪ್ಪಿಸ್ತಿದ್ದಾನೆ. ಮುಂದಿನವರು ಬರಲಿ."

ತೆರೆಯ ಹಿಂದೆ ಮಂತ್ರಿ ಅವನ ತಲೆಗೆ ಹಸಿರು ರುಮಾಲು ಸುತ್ತಿ, ಮುಂದಿನ ಚೀಟಿ ಕೈಗಿಟ್ಟ. ಯಾರದೋ ಹಸು ಕಳೆದುಹೋಗಿತ್ತು. ವನಮಾಲಿ ಮತ್ತೆ ಹೋಗಿ ನಿಂತು ಹಸುವಿನ ಬಣ್ಣ, ಕೊಂಬು ಹೇಳಿದ. ಆಮೇಲೆ, "ಅವಳಿಲ್ಲದ ಮನೆಗೆ ಹೋಗೋಕೆ ಕಾಲೇ ಬರಲ್ಲ, ಪ್ರಭು," ಎಂದವನು ಬಿಕ್ಕಿ ಬಿಕ್ಕಿ ಅತ್ತ.

ದೊರೆಯ ಕಣ್ಣೂ ತುಂಬಿ ಬಂತು. "ಪಾಪ, ಇದು ನಿಜವಾದ ಸಂಕಟ," ಎಂದು ಕೂಡಲೇ ಹಸು ಹುಡುಕಲು ಆಳುಗಳನ್ನು ಅಟ್ಟಿದ.

ಸಂಜೆಯೊಳಗೆ ಹಸು ಮನೆ ಸೇರಿತು.